ಹಿತ್ತಲದಾಗಿನ ಹೆಣ್ಮಗಳು

ಸುಮಂಗಲಾ ಹುಟ್ಟಿ ಬೆಳೆದದ್ದು ಸಿಂದಗಿಯಲ್ಲಿ. ತಂದೆ ಶಂಕರೆಪ್ಪ ಅಲ್ಲಿಯ ಅಡತಿ ಅಂಗಡಿಯೊಂದರಲ್ಲಿ ತೊಗರಿ, ಜೋಳದ ವ್ಯಾಪಾರ ನೋಡಿಕೊಂಡಿದ್ದವನು. ಬಸ್ ಸ್ಟ್ಯಾಂಡಿನ ಹಿಂದಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದ. ಆ ಬಡಾವಣೆಯಲ್ಲಿ ಎಲ್ಲಕ್ಕಿಂತ ಹಳೆಯದೆಂದರೆ ಅವರ ಮನೆಮುಂದಿನ ಬೇವಿನ ಮರ. ಅದನ್ನೂ ಅವನೇ ನೆಟ್ಟದ್ದು. ಹೀಗಾಗಿ ವಿಜಯಪುರದ ಮುತ್ತುರಾಜನ ಕೈಹಿಡಿದು, ಕೋಟೆಗೋಡೆಯ ಮಗ್ಗುಲಿನ ಓಣಿಗೆ ಬಂದು ಇಳಿದಾಗ, ಈ ಊರಿನಲ್ಲಿ ಯಾವುದು ಮನೆ, ಯಾವುದು ಗುಮ್ಮಟ, ಯಾವುದು ಬಿದ್ದದ್ದು, ಯಾವುದು ಇನ್ನೂ ನಿಂತದ್ದು ಎಂಬುದೇ ಅವಳಿಗೆ ತಿಳಿಯಲಿಲ್ಲ. ಓಣಿಯ ಬಾಯಲ್ಲಿ ಒಂದು ಹಳೆಯ ಕಮಾನು. ಅದರೊಳಗೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಆಚೆ ಬುರುಜಿನ ನೆರಳಿಗೆ ಯಾರದೋ ಎಮ್ಮೆ ಕಟ್ಟಿತ್ತು. ಹೆಸರಿಲ್ಲದ ಗುಮ್ಮಟವೊಂದರ ಗೋಡೆಗೆ ಸಾಲಾಗಿ ಸಗಣಿಯ ಕುಳ್ಳು ತಟ್ಟಿದ್ದರು. ಆ ಕಲ್ಲುಗಳೆಲ್ಲ ಹೊಸ ಸೊಸೆಯನ್ನು ಒಟ್ಟಿಗೇ ನೋಡುತ್ತಿವೆ ಎನಿಸಿ ಅವಳು ಸೆರಗು ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಹಿತ್ತಲಿಗೆ ಹೋದವಳು ಬ್ರಷ್ ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟಳು. ತುಳಸಿಕಟ್ಟೆ ಇತ್ತು, ನೀರಿನ ತೊಟ್ಟಿ ಇತ್ತು, ಒಂದು ದಾಳಿಂಬೆ ಗಿಡವಿತ್ತು. ಗಿಡದ ಕೆಳಗೆ ಕರಿಕಲ್ಲಿನ ಗೋರಿ. ಮೊಣಕಾಲೆತ್ತರದ ಪೀಠ, ಅದರ ಮೇಲೆ ಸಪಾಟಾದ ಉದ್ದನೆಯ ಚಪ್ಪಡಿ. ಮಳೆಗೆ, ಬಿಸಿಲಿಗೆ ಸವೆದು ನುಣುಪಾಗಿತ್ತು. ಅತ್ತೆ ಗುಂಡವ್ವ ಪೊರಕೆ ಹಿಡಿದು, ಮೊಮ್ಮಗುವಿನ ತೊಟ್ಟಿಲ ಸುತ್ತ ಕಸ ಗುಡಿಸಿದಷ್ಟು ಮೆಲ್ಲಗೆ ಅದರ ಸುತ್ತ ಗುಡಿಸುತ್ತಿದ್ದಳು.

“ಅತ್ತಿ, ಇದು ಯಾರದರಿ?”

“ಯಾರದೋ ಯಾರಿಗೆ ಗೊತ್ತು? ನಮ್ಮ ಮಾವನೋರು ಈ ಜಾಗ ತಗೊಂಡಾಗ ಇಲ್ಲೇ ಇದ್ಳಂತ. ನಮಗಿಂತ ಮೊದಲ ಬಂದಾಕಿ.”

“ಇದ್ಳು ಅಂದ್ರ?”

“ಮ್ಯಾಲ ಸಪಾಟ ಐತಿ ನೋಡು, ಹೆಣ್ಮಗಳದ್ದಂತ. ಗಂಡಸರ ಗೋರಿ ಮ್ಯಾಲ ಉಬ್ಬು ಇರ್ತೈತಿ. ಬಾಜೂಮನಿ ಮಾಬುಬಿ ಹೇಳ್ತಾಳ.” ಗುಂಡವ್ವ ಪೊರಕೆ ಗೋಡೆಗಾನಿಸಿದಳು. “ಬಾಯಿ ತೊಳಕೊಂಡು ಬಾ, ಚಾ ಆರ್ತೈತಿ.”

ಗುಂಡವ್ವನ ಮಟ್ಟಿಗೆ ಮಾತು ಅಲ್ಲಿಗೆ ಮುಗಿದಿತ್ತು. ಸುಮಂಗಲಾಳಿಗೆ ಮುಗಿಯಲಿಲ್ಲ. ಸಂಜೆಯಾದರೆ ಹಿತ್ತಲಿಗೆ ಹೆಜ್ಜೆ ಇಡಲು ಅಂಜುತ್ತಿದ್ದಳು. ಗುರುವಾರ ಸಂಜೆ ಅತ್ತೆ ತುಳಸಿಗೆ ದೀಪ ಹಚ್ಚಿ, ಅದೇ ಬೆಂಕಿಕಡ್ಡಿಯಿಂದ ಗೋರಿಯ ತಲೆಯ ಕಡೆಗೂ ಒಂದು ಹಣತೆ ಹಚ್ಚಿಡುತ್ತಿದ್ದಳು. ಬೇಸಿಗೆಯಲ್ಲಿ ಹಪ್ಪಳ, ಶಾವಿಗೆ ಒಣಹಾಕಿದರೆ ಮಂಚದ ಮೇಲೆ, ಚಾಪೆಯ ಮೇಲೆ. ಅಂಥ ನುಣುಪು ಚಪ್ಪಡಿ ಕಣ್ಣೆದುರಿಗೇ ಇದ್ದರೂ ಅದರ ಮೇಲೆ ಒಂದು ಕಾಳು ಕೂಡ ಬೀಳಗೊಡುತ್ತಿರಲಿಲ್ಲ. ಮುತ್ತುರಾಜನಿಗೆ ಈ ಬಗ್ಗೆ ಕೇಳಿದರೆ ನಗುತ್ತಿದ್ದ. ಅವನದು ಪಂಪಿನ ಮೋಟಾರು ವೈಂಡಿಂಗ್ ಮಾಡುವ ಅಂಗಡಿ. ಇಂಡಿ, ಆಲಮೇಲ ಕಡೆಯ ರೈತರು ಸುಟ್ಟ ಮೋಟಾರು ಹೊತ್ತುಕೊಂಡು ಬರುತ್ತಿದ್ದರು. “ಈ ಊರಾಗ ಎಲ್ಲಿ ಹಾರಿ ಹಾಕಿದ್ರೂ ಒಂದು ಕಲ್ಲು ಖಣ್ ಅಂತೈತಿ,” ಎನ್ನುತ್ತಿದ್ದ. “ನಳದ ಪೈಪು ಹಾಕಾಕ ಅಗದ್ರ ರಾಜರ ಕಾಲದ ಮಣ್ಣಿನ ಪೈಪು ಬರ್ತಾವ. ಅದಕ್ಕೆಲ್ಲಾ ಅಂಜಿದ್ರ ಬಿಜಾಪುರದಾಗ ಬಾಳೇವು ಆಗೂದಿಲ್ಲ.”

ಮೊದಲ ಪಂಚಮಿಗೆ ತವರಿಗೆ ಹೋದಾಗ ಅವಳು ತಾಯಿ ರುಕ್ಮವ್ವನಿಗೆ ಎಲ್ಲ ಹೇಳಿದಳು. ರುಕ್ಮವ್ವ ಕಣ್ಣಾರೆ ನೋಡಿಬರಬೇಕೆಂದು ಮಗಳ ಜೊತೆಗೇ ಬಸ್ ಹತ್ತಿ ಬಂದಳು. ಹಿತ್ತಲ ಬಾಗಿಲಲ್ಲಿ ನಿಂತು ಒಂದು ಸಲ ನೋಡಿದಳು, ಬೀಗತಿ ಕೊಟ್ಟ ಚಹಾ ಅರ್ಧ ಕುಡಿದಿಟ್ಟಳು, ಬೀಳ್ಕೊಡಲು ಬಂದ ಮಗಳೆದುರು ಓಣಿಯ ಕಮಾನು ದಾಟಿದ ಮೇಲಷ್ಟೇ ಬಾಯಿಬಿಟ್ಟಳು. “ಉಣ್ಣೂ ಮನ್ಯಾಗ ಸತ್ತವರನ್ನ ಇಟ್ಕೊಂಡಾರಲ್ಲ ಯವ್ವಾ. ನಿಮ್ಮಪ್ಪ ಹುಡುಗನ್ನ ನೋಡಿದ, ಅಂಗಡಿ ನೋಡಿದ, ಹಿತ್ತಲ ನೋಡಲಿಲ್ಲ.”

ಆ ವರ್ಷ ಸುಮಂಗಲಾ ಬಸುರಾದಳು. ಮನೆಯಲ್ಲಿ ಎಲ್ಲರ ಮುಖವೂ ಅರಳಿತು. ಗುಂಡವ್ವ ಲಚ್ಯಾಣದ ಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದಳು. ಆದರೆ ಹೊಟ್ಟೆ ಕಾಣುವಷ್ಟಾದ ಮೇಲೆ, ಒಂದು ಬೆಳಿಗ್ಗೆ ನೀರು ತುಂಬುತ್ತಿದ್ದಾಗ ಸೊಂಟ ಹಿಡಿದುಕೊಂಡಿತು. ಆಸ್ಪತ್ರೆಗೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಡಾಕ್ಟರಮ್ಮ ಇಂಥದ್ದು ಆಗುತ್ತದೆ, ಯಾರ ತಪ್ಪೂ ಅಲ್ಲ ಎಂದು ತಲೆ ಸವರಿ ಹೇಳಿದಳು. ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದನ್ನು ಮುತ್ತುರಾಜ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ. ಎಲ್ಲಿ ಮಣ್ಣು ಮಾಡಿದಿರಿ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಸಿಂದಗಿಯಲ್ಲಿ ರುಕ್ಮವ್ವ ಮಗಳ ಆರೈಕೆ ಮಾಡುತ್ತ ದಿನವೂ ಒಂದೇ ಮಾತು ತಿರುವಿದಳು. ಬಂದವರ ಮುಂದೆಯೂ ಅದೇ. ಗೋರಿಯ ಗಾಳಿ ಸೋಕಿದೆ, ಬಾಣಂತನ ಅಲ್ಲಿ ದಕ್ಕುವುದಿಲ್ಲ. ಕೇಳಿ ಕೇಳಿ ಸುಮಂಗಲಾಳಿಗೂ ಅದೇ ಸತ್ಯ ಎನಿಸತೊಡಗಿತು. ದುಃಖವನ್ನು ಹಾಕಲು ಒಂದು ಜಾಗ ಬೇಕಿತ್ತು. ಅದಕ್ಕೆ ಆ ಕರಿಕಲ್ಲು ಸಿಕ್ಕಿತು. ಕರೆದೊಯ್ಯಲು ಬಂದ ಗಂಡನಿಗೆ ಅವಳು ನೆಲ ನೋಡುತ್ತಲೇ ಹೇಳಿದಳು:

“ಅದು ನನ್ನ ಕಣ್ಣಿಗೆ ಬೀಳಬಾರದು. ಸುತ್ತ ಗ್ವಾಡಿ ಎಬ್ಬಿಸಿ ಮುಚ್ಚರಿ. ಅಂದ್ರ ಬರ್ತೇನಿ.”

ಮುತ್ತುರಾಜ ಬಹಳ ಹೊತ್ತು ಕಾಲ್ಬೆರಳಿಂದ ಚಾಪೆಯ ಅಂಚು ಕೆದರಿದ. ಕೊನೆಗೆ, “ಆತು, ಇಟ್ಟಂಗಿ ತರಿಸ್ತೇನಿ,” ಅಂದ.

ಹೇಳಿದಂತೆ ಇಟ್ಟಂಗಿ ಬಂದವು. ದಾಳಿಂಬೆ ಗಿಡದ ಪಕ್ಕದಲ್ಲಿ ಪೇರಿಸಿಟ್ಟರು. ಸುಮಂಗಲಾ ಮರಳಿ ಬಂದಳು. ಗೋಡೆ ಕಟ್ಟುವ ಗೌಂಡಿ ಅಮಾವಾಸ್ಯೆ ಕಳೆಯಲಿ ಅಂದಿದ್ದ. ಗುಂಡವ್ವ ಮಗನಿಗೆ ಬೇಡ ಅನ್ನಲಿಲ್ಲ, ಸೊಸೆಗೆ ಒಂದು ಮಾತು ಆಡಲಿಲ್ಲ. ರೊಟ್ಟಿ ಬಡಿದಳು, ಬಿಸಿ ಬಿಸಿ ಬಡಿಸಿದಳು. ಆ ಗುರುವಾರ ಮಾತ್ರ ಗೋರಿಗೆ ಹಣತೆ ಹಚ್ಚಲಿಲ್ಲ.

ಒಂದು ಮಧ್ಯಾಹ್ನ ಸುಮಂಗಲಾ ಮಲಗಿದ್ದಲ್ಲಿಂದಲೇ ಕಿಟಕಿಯಾಚೆ ನೋಡಿದಳು. ಗುಂಡವ್ವ ಗೋರಿಯ ಪೀಠದ ಮಗ್ಗುಲಲ್ಲಿ ನೆಲದ ಮೇಲೆ ಕೂತಿದ್ದಳು. ಬೆನ್ನು ಈ ಕಡೆಗಿತ್ತು. ಒಂದು ಅಂಗೈ ಕಲ್ಲಿನ ಮೇಲಿತ್ತು. ಹೆಗಲು ಅಲುಗುತ್ತಿತ್ತು. ಆ ಗಟ್ಟಿ ಹೆಂಗಸು ಅಳುವುದನ್ನು ಸೊಸೆ ಮೊದಲ ಸಲ ನೋಡಿದ್ದು. ಏನು ಮಾಡಬೇಕೆಂದು ತಿಳಿಯದೆ ಮುಂಬಾಗಿಲಿಂದ ಹೊರಗೆ ಬಂದಳು. ಬಾಜೂಮನೆಯ ಮಾಬುಬಿ ಹೊಸ್ತಿಲಲ್ಲಿ ಕೂತು ಪುಂಡಿಪಲ್ಲೆ ಸೋಸುತ್ತಿದ್ದಳು. ಗಂಡ ಟಾಂಗಾ ಹೊಡೆಯುತ್ತಿದ್ದ, ತೀರಿಕೊಂಡಿದ್ದ. ಈಗ ಕೌದಿ ಹೊಲಿದು ಬದುಕುತ್ತಿದ್ದಳು. ಸುಮಂಗಲಾಳ ಮುಖ ನೋಡಿದವಳೇ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಚಾಚಿ, ನಮ್ಮತ್ತಿ ಅಳಾಕತ್ಯಾರ.”

“ಅಳಲಿ ಬಿಡು. ಅಲ್ಲೇ ಅಳೂದು ಆಕಿ. ನಾಳೆ ಗ್ವಾಡಿ ಎದ್ದ ಮ್ಯಾಲ ಎಲ್ಲಿ ಕುಂಡ್ರಬೇಕು?”

ಸುಮಂಗಲಾಳಿಗೆ ಅರ್ಥವಾಗಲಿಲ್ಲ. ಮಾಬುಬಿ ಸೊಪ್ಪು ಕೆಳಗಿಟ್ಟಳು.

“ನಿನ್ನ ಗಂಡ ಹುಟ್ಟೂಕಿಂತ ಮೊದಲು ಗುಂಡವ್ವಗ ಎರಡು ಹೋಗ್ಯಾವ. ಒಂದು ಹೊಟ್ಟ್ಯಾಗ, ಒಂದು ಕೈಯಾಗ. ಹೆಸರಿಡಾಕೂ ಪುರಸತ್ತ ಕೊಡಲಿಲ್ಲ. ಆಗ ಇದ ಮನ್ಯಾಗ ಹತ್ತು ಮಂದಿ. ಬಿಕ್ಕಿದ್ರ ಯಾಕ ಅಂತಿದ್ರು. ಹಿತ್ತಲಕ್ಕ ಬಂದು ಆ ಕಲ್ಲು ಹಿಡಕೊಂಡು ಕುಂಡ್ರತಿದ್ಳು. ನಾನೂ ಗ್ವಾಡಿ ಜಿಗದು ಹೋಗಿ ಬಾಜೂಕ ಕುಂಡ್ರತಿದ್ದೆ. ನಂದೂ ಒಂದು ಹೋಗಿತ್ತು.”

“ನಮ್ಮವ್ವ ಅದರ ಗಾಳಿ ಅಂತಾಳ ಚಾಚಿ.”

ಮಾಬುಬಿ ಸಿಟ್ಟಾಗಲಿಲ್ಲ. “ಗಾಳಿಯೂ ಇಲ್ಲ, ಗೀಳಿಯೂ ಇಲ್ಲ. ಆಕಿ ಕೆಟ್ಟದ್ದೂ ಮಾಡೂದಿಲ್ಲ, ಒಳ್ಳೇದೂ ಮಾಡೂದಿಲ್ಲ. ಸುಮ್ನ ಇರ್ತಾಳ. ಈ ಓಣ್ಯಾಗ ಸುಮ್ನ ಇರೂ ಹೆಣ್ಮಗಳು ಆಕಿ ಒಬ್ಬಾಕಿ ನೋಡು.”

ಸುಮಂಗಲಾಳಿಗೆ ನಗು ಬಂತು. ನಗು ಬಂದದ್ದೇ ತಡ, ಆಸ್ಪತ್ರೆಯಲ್ಲೂ ಸಿಂದಗಿಯಲ್ಲೂ ಬಾರದಿದ್ದ ಅಳು ಒತ್ತರಿಸಿಕೊಂಡು ಬಂತು. ಮಾಬುಬಿ ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಆ ಸಂಜೆ ಅವಳು ತಾನಾಗಿಯೇ ಹಿತ್ತಲಿಗೆ ಹೋಗಿ ಅತ್ತೆಯ ಮಗ್ಗುಲಲ್ಲಿ ಕೂತಳು. ಕತ್ತಲಾಗುವ ಹೊತ್ತಿಗೆ ಗುಂಡವ್ವ, “ಹಿಟ್ಟು ನಾದಬೇಕು, ಏಳು,” ಎಂದು ಅವಳ ಕೈಹಿಡಿದು ಎಬ್ಬಿಸಿದಳು. ಮುತ್ತುರಾಜ ಬಂದಾಗ ಸುಮಂಗಲಾ, ಗ್ವಾಡಿ ಬೇಡ ಅಂದಳು. ಅವನ ಉಸಿರು ಹಗುರಾದದ್ದು ಅವಳಿಗೆ ಕೇಳಿಸಿತು. ಆ ಇಟ್ಟಂಗಿಯಲ್ಲಿ ದಾಳಿಂಬೆ ಗಿಡಕ್ಕೊಂದು ಕಟ್ಟೆ ಕಟ್ಟಿಸಿದರು.

ವರ್ಷಗಳು ಹೋದವು. ಮಗಳು ಸಾಕ್ಷಿ ಹುಟ್ಟಿದಳು, ಅದೇ ಕಟ್ಟೆ ಹಿಡಿದು ನಿಲ್ಲಲು ಕಲಿತಳು, ಸಾಲಿ ಮುಗಿಸಿ ಕಾಲೇಜು ಸೇರಿದಳು. ಸುಮಂಗಲಾಳಿಗೆ ಊರು ಒಗ್ಗಿತು ಅನ್ನುವುದಕ್ಕಿಂತ ಊರಿಗೆ ಅವಳು ಒಗ್ಗಿದಳು. ತಳ್ಳುಗಾಡಿಯವನಿಗೆ ದಾರಿ ಹೇಳುವಾಗ ‘ಮುರಕ ಬುರುಜಿನ ಹಿಂದ’ ಅನ್ನತೊಡಗಿದಳು. ಚಳಿಗಾಲದಲ್ಲಿ ಸಾಲಿ ಮಕ್ಕಳ ಪ್ರವಾಸದ ಬಸ್ಸುಗಳು ಊರು ತುಂಬಿದರೆ ಸಂತೆಗೆ ಯಾವ ಸಂದಿಯಿಂದ ಹೋಗಬೇಕೆಂದು ಅವಳಿಗೆ ಗೊತ್ತಿತ್ತು. ನಳದ ನೀರು ಬರುವ ದಿನ ಓಣಿಯೆಲ್ಲ ಕೊಡ ಹಿಡಿದು ಜಗಳಾಡಿದರೆ ಅವಳ ದನಿಯೂ ಎದ್ದು ಕೇಳುತ್ತಿತ್ತು. ಸಿಂದಗಿಗೆ ಹೋದರೆ ಅಲ್ಲಿಯ ನೆಟ್ಟನೆ ರಸ್ತೆ, ಒಂದೇ ನಮೂನೆಯ ಮನೆಗಳು ಬಿಕೋ ಅನಿಸುತ್ತಿದ್ದವು. ಇದನ್ನು ಮಾತ್ರ ಅವಳು ರುಕ್ಮವ್ವನಿಗೆ ಎಂದೂ ಹೇಳಲಿಲ್ಲ.

ಗುಂಡವ್ವ ತೀರಿಕೊಂಡದ್ದು ಒಂದು ಮಳೆಗಾಲ. ಮರುವರ್ಷ ಮಣ್ಣಿನ ಮಾಳಿಗೆ ಸೋರತೊಡಗಿ, ಮುಂದಿನ ಗೋಡೆ ಬಿರುಕುಬಿಟ್ಟಿತು. ಮುತ್ತುರಾಜನೂ ಅವನ ತಮ್ಮ ಪರಶುವೂ ಕೂಡಿ, ಹಳೆಮನೆ ಇಳಿಸಿ ಹೊಸದು ಕಟ್ಟಿಸುವ ಮಾತಾಡಿದರು. ಪರಶು ಸಿಂದಗಿ ರಸ್ತೆಯ ಕಡೆ ಪ್ಲಾಟು ಮಾರಿಸುವ ವ್ಯವಹಾರ ಮಾಡುತ್ತಿದ್ದ. ಹೆಂಡತಿ ಕೋಮಲಳೊಂದಿಗೆ ಹೊಸ ಬಡಾವಣೆಯ ಬಾಡಿಗೆ ಮನೆಯಲ್ಲಿದ್ದ. ಚುರುಕಿನ ಮನುಷ್ಯ, ಬಿಳಿ ಕಾರು ಕೊಂಡಿದ್ದ. ಇಂಜಿನಿಯರನನ್ನು ಕರೆದುಕೊಂಡು ಬಂದು ಹಿತ್ತಲವರೆಗೂ ಟೇಪು ಹಿಡಿಸಿದ. ಕೆಳಗೆ ಕಾರು ನಿಲ್ಲಲು ಜಾಗ, ಮೇಲೆ ಅಣ್ಣ, ಅದರ ಮೇಲೆ ತಾನು. ಕಾರಿನ ಜಾಗಕ್ಕೆ ಗೋರಿ ಅಡ್ಡವಾಗಿತ್ತು.

“ಒಂದು ಮಧ್ಯಾಹ್ನದ ಕೆಲಸ ವೈನಿ,” ಅಂದ ಪರಶು ಅತ್ತಿಗೆಗೆ. “ನಾಕು ಆಳು ಬಂದ್ರ ಕಲ್ಲು ಬಿಚ್ಚಿ, ಊರ ಹೊರಗ ಯಾವುದಾರ ಹಾಳು ಗುಮ್ಮಟದ ಬಾಜೂಕ ಇಟ್ಟು ಬರ್ತಾರ. ಯಾರಿಗೂ ಗೊತ್ತಾಗೂದಿಲ್ಲ.”

“ನನಗ ಗೊತ್ತಾಗ್ತೈತಲ್ಲೋ.”

“ಅಲ್ರಿ, ಆಕಿ ಏನು ನಮ್ಮ ಮನಿತನದಾಕಿ ಏನ್ರಿ?”

ಸುಮಂಗಲಾ ಗಂಡನ ಮುಖ ನೋಡಿದಳು. ಮುತ್ತುರಾಜ, “ಪರಶು ಹೇಳೂದ್ರಾಗೂ ಅರ್ಥ ಐತಿ. ನೋಡೂಣು, ಅವಸರ ಏನೈತಿ,” ಎಂದು ಅಂಗಡಿಗೆ ಎದ್ದುಹೋದ. ಮಾತು ಅಲ್ಲಿಗೇ ತೂಗಾಡುತ್ತ ಉಳಿಯಿತು.

ಆ ತಿಂಗಳು ಸಿಂದಗಿಯಲ್ಲಿ ಅವಳ ತಮ್ಮ ಶ್ರೀಶೈಲನ ಮಗುವಿನ ತೊಟ್ಟಿಲ ಕಾರ್ಯವಿತ್ತು. ಸುಮಂಗಲಾ ಹಿಂದಿನ ದಿನವೇ ಹೋಗಿದ್ದಳು. ಬೆಳಿಗ್ಗೆ ತೊಟ್ಟಿಲು ಶೃಂಗರಿಸುತ್ತಿದ್ದಾಗ ಮಾಬುಬಿಯ ಫೋನು ಬಂತು. ಮುದುಕಿಗೆ ಈಗ ನಡೆಯಲು ಕಷ್ಟ. ದನಿ ಇನ್ನೂ ಗಟ್ಟಿ. ಅವತ್ತು ಮಾತ್ರ ಪಿಸುಗುಟ್ಟುತ್ತಿದ್ದಳು.

“ಸುಮಂಗಲಾ, ನಿನ್ನ ಮೈದುನ ಆಳು ಕರ್ಕೊಂಡು ಬಂದಾನ. ಹಾರಿ ತಂದಾರ.”

“ನೀವು ಬ್ಯಾಡ ಅನ್ರಿ ಚಾಚಿ!”

“ನಾ ಅನ್ನಬಾರದು ಯವ್ವಾ. ನನ್ನಂಥಾಕಿ ಬಾಯಿ ತಗದ್ರ ಮಾತು ಈ ಓಣ್ಯಾಗ ಉಳಿಯೂದಿಲ್ಲ, ಎಲ್ಲೆಲ್ಲಿಗೋ ಹೋಗ್ತೈತಿ. ಆ ಕಡಿ ಮಂದಿ, ಈ ಕಡಿ ಮಂದಿ ಬಂದು ನಿಂದರ್ತಾರ. ಗುಂಡವ್ವನ ಮನಿ ಮುಂದ ಹಂಗ ಆಗೂದು ಬ್ಯಾಡ. ನೀನ ಬಾ.”

ಸುಮಂಗಲಾ ಉಟ್ಟ ರೇಷ್ಮೆ ಸೀರೆಯಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದಳು. ಕಾರ್ಯ ಬಿಟ್ಟು ಎಲ್ಲಿಗೆ ಅಂತ ಹಿಂದೆಯೇ ಕೂಗಿದ ರುಕ್ಮವ್ವನಿಗೆ ಉತ್ತರ ಕೊಡಲೂ ನಿಲ್ಲಲಿಲ್ಲ. ಕಲಬುರಗಿಯಿಂದ ಬಂದ ಬಸ್ಸು ಸಿಕ್ಕಿತು, ನಿಂತೇ ಹೋದಳು. ದೇವರ ಹಿಪ್ಪರಗಿಯಲ್ಲಿ ಅದು ಚಹಾಕ್ಕೆಂದು ನಿಂತಾಗ ಕಂಡಕ್ಟರನ ಮೇಲೆ ಹರಿಹಾಯ್ದಳು. ಗಂಡನಿಗೆ ಫೋನು ಹಚ್ಚಿದರೆ ಅಂಗಡಿಯ ಗದ್ದಲದಲ್ಲಿ ಅವನು ಎತ್ತಲಿಲ್ಲ. ಜೋಳದ ಹೊಲಗಳಾಚೆ ಗೋಳಗುಮ್ಮಟದ ತಲೆ ಕಾಣಿಸಿದಾಗಲೇ ಅವಳು ಬಸ್ಸಿನ ಬಾಗಿಲಿಗೆ ಹೋಗಿ ನಿಂತಳು.

ಹಿತ್ತಲಲ್ಲಿ ಆಳುಗಳು ಇಷ್ಟು ಹೊತ್ತೂ ಹಳೆಯ ಗಾರೆಯೊಂದಿಗೆ ಗುದ್ದಾಡಿ ಪೀಠದ ಒಂದೇ ಕಲ್ಲು ಸಡಿಲಿಸಿ ಬದಿಗಿಟ್ಟಿದ್ದರು. ಕಲ್ಲು ಇದ್ದ ಜಾಗದಲ್ಲಿ ಒದ್ದೆ ಕೆಮ್ಮಣ್ಣು ಕಾಣುತ್ತಿತ್ತು. ಸುಮಂಗಲಾ ಕೂಗಾಡಬೇಕೆಂದೇ ಬಂದಿದ್ದಳು. ಆದರೆ ಆ ಮಣ್ಣು ನೋಡಿದ ಮೇಲೆ ಆಳುಗಳಿಗೆ, “ಒಂದಿಷ್ಟು ನೆರಳಿಗೆ ಕುಂಡ್ರರೆಪ್ಪಾ,” ಎಂದು ನೀರು ಕೊಟ್ಟಳು. ಆಮೇಲೆ ಪರಶುವಿನ ಎದುರು ನಿಂತಳು.

“ನಮ್ಮ ಮನಿತನದಾಕಿ ಏನು ಅಂತ ಕೇಳಿದ್ಯಲ್ಲ ಪರಶು. ಹೌದೋ ಅಲ್ಲೋ ನನಗ ಗೊತ್ತಿಲ್ಲ. ಆದರ ನಿಮ್ಮವ್ವನ ಸಂಕಟ ಆಕಿಗೆ ಗೊತ್ತಿತ್ತು. ನಿನಗ ಗೊತ್ತಿರಲಿಲ್ಲ, ಮುತ್ತುಗ ಗೊತ್ತಿರಲಿಲ್ಲ.” ಅವಸರದಲ್ಲಿ ಗಂಡನ ಹೆಸರು ಹಿಡಿದದ್ದು ಅವಳಿಗೆ ಅರಿವಾಗಲಿಲ್ಲ. ಹುಟ್ಟಿ ಉಳಿಯದ ಎರಡು ಕೂಸುಗಳ ಸಂಗತಿ ಹೇಳಿದಳು. ತನ್ನದನ್ನೂ ಹೇಳಿದಳು.

ಪರಶುವಿನ ಮುಖ ಕೆಂಪಗಾಯಿತು. “ಅವ್ವ ನನಗ ಯಾವತ್ತೂ ಹೇಳಲಿಲ್ಲ. ನೀವು ಕತಿ ಕಟ್ಟಬ್ಯಾಡ್ರಿ ವೈನಿ.”

ಗೋಡೆಯಾಚೆ ಮಾಬುಬಿ ಕಿಟಕಿ ಹಿಡಿದು ನಿಂತಿದ್ದಳು. ಅಲ್ಲಿಂದಲೇ ಮೆಲ್ಲಗೆ ಅಂದಳು: “ಕತಿ ಅಲ್ಲ ಮಗಾ. ಎರಡನೇದಕ್ಕ ಬಟ್ಟಿ ಸುತ್ತಿದ್ದು ನಾನ. ನೀ ಹುಟ್ಟಿದಾಗ ನಿಮ್ಮವ್ವ ನಿನ್ನ ನೆಲಕ್ಕ ಬಿಡದ ಸಾಕಿದ್ದು ಯಾಕ ಅಂತ ತಿಳದಿ?”

ಪರಶು ಹೊರಗೆ ನಡೆದ. ಕಾರು ಹೋದ ಸದ್ದು ಕೇಳಿಸಿತು. ಆಳುಗಳು ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯನೊಬ್ಬ ಎದ್ದು, ಬದಿಗಿಟ್ಟ ಕಲ್ಲನ್ನು ಇದ್ದಲ್ಲಿಯೇ ಕೂರಿಸಿ ಮಣ್ಣು ಒತ್ತಿದ. ಸಂಜೆ ಎಲ್ಲ ತಿಳಿದ ಮುತ್ತುರಾಜ ಹಿತ್ತಲ ಬಾಗಿಲಿಗೆ ಬಂದು ನಿಂತ. ಅವಳ ಕಡೆ ತಿರುಗದೆ ಹೇಳಿದ: “ನಮ್ಮದನ್ನ ಕೆರಿ ದಂಡ್ಯಾಗಿನ ಹುಣಸಿಗಿಡದ ಬುಡಕ ಇಟ್ಟೇನಿ. ನೀ ಕೇಳಲಿಲ್ಲ ಅಂತ ಹೇಳಲಿಲ್ಲ.”

ಮರುದಿನ ಇಬ್ಬರೂ ಮೋಟಾರ್ ಸೈಕಲ್ ಮೇಲೆ ಅಲ್ಲಿಗೆ ಹೋಗಿ ಬಂದರು.

ಪರಶು ಬಹಳ ದಿನ ಮನೆ ಕಡೆ ಬರಲಿಲ್ಲ. ಅಣ್ಣ ಫೋನು ಮಾಡಿದರೆ ಹೌದು, ಇಲ್ಲ ಅನ್ನುವಷ್ಟು ಮಾತು. ಮನೆ ಎರಡು ಹೋಳಾಯಿತೆಂದೇ ಸುಮಂಗಲಾ ತಿಳಿದಳು. ತನ್ನಿಂದಲೇ ಆಯಿತೆಂದು ಒಳಗೊಳಗೇ ಕೊರಗಿದಳು. ಸಂಕ್ರಾಂತಿ ಹೊತ್ತಿಗೆ ಕೋಮಲ ಒಬ್ಬಳೇ ಬಂದಳು. ಎಳ್ಳು ಕೊಟ್ಟಳು, ಚಹಾ ಕುಡಿದಳು, ಹಿತ್ತಲಿಗೆ ಹೋಗಿ ಸುತ್ತ ನೋಡಿದಳು.

“ಅಕ್ಕಾ, ಸುತ್ತಾಕಡಿ ಖೋಲಿ, ನಡುವ ಹಿಂಗ ಬಯಲು ಬಿಟ್ರ ಹೆಂಗ ಆಗ್ತೈತ್ರಿ? ನಮ್ಮ ಬಾಡಿಗಿ ಮನ್ಯಾಗ ಹಗಲಿನ್ಯಾಗೂ ದೀಪ ಹಚ್ಚತೇವಿ.”

“ಪರಶು ಏನಂತಾನ?”

“ಬೈತಾರ್ರಿ. ಬೈಕೋತನ ಇಂಜಿನಿಯರ್‌ಗ ಫೋನ್ ಮಾಡ್ಯಾರ.”

ಮನೆ ಹಾಗೆಯೇ ಎದ್ದಿತು. ನಡುವೆ ಬಯಲು, ಅಲ್ಲಿ ದಾಳಿಂಬೆ, ತುಳಸಿ, ಗೋರಿ. ಸುತ್ತಲೂ ಅಣ್ಣತಮ್ಮಂದಿರ ಕೋಣೆಗಳು. ಪರಶುವಿನ ಅಡಿಗೆಮನೆಯ ಕಿಟಕಿ ನೇರ ಅದರ ಮೇಲೆಯೇ ತೆರೆದುಕೊಳ್ಳುತ್ತದೆ. ಗೃಹಪ್ರವೇಶದ ದಿನ ಅವನು ಗೋರಿಯ ಕಡೆ ತಿರುಗಿಯೂ ನೋಡಲಿಲ್ಲ. ವೈನಿಯೊಡನೆ ಮಾತಾಡತೊಡಗಿದ್ದು ಕೂಡ ಒಮ್ಮೆ ಉಪ್ಪಿನಕಾಯಿ ಕೇಳುವ ನೆಪದಿಂದ. ಅವ್ವನ ವಿಷಯ ಅವನು ಮತ್ತೆ ಎತ್ತಲಿಲ್ಲ, ಸುಮಂಗಲಾಳೂ ಎತ್ತಲಿಲ್ಲ.

ಕಾರು ಮಾತ್ರ ಓಣಿಯಲ್ಲೇ ನಿಲ್ಲುತ್ತದೆ. ಭಾನುವಾರ ಬಂತೆಂದರೆ ಪ್ರವಾಸಿಗರ ಆಟೋಗಳು ದಾರಿತಪ್ಪಿ ಒಳಗೆ ನುಗ್ಗಿ, ಆ ಕಾರಿನ ಹಿಂದೆ ಸಿಕ್ಕಿಕೊಂಡು ಹಾರ್ನು ಹೊಡೆಯುತ್ತವೆ. ಮೊನ್ನೆಯೂ ಹಾಗೇ ಆಯಿತು. ಪರಶು ಲುಂಗಿಯಲ್ಲೇ ಹೊರಗೋಡಿ, “ಏ, ಇದೇನು ಗೋಳಗುಮ್ಮಟ ಏನಲೇ? ಮಂದಿ ಬಾಳೇವು ಮಾಡೂ ಮನಿ ಐತಿ, ಹಿಂದಕ್ಕ ತಗಿ!” ಎಂದು ಒದರುತ್ತಿದ್ದ. ಆಟೋದೊಳಗಿನ ಹೆಂಗಸೊಬ್ಬಳು ತಲೆ ಹೊರಹಾಕಿ, ಇಲ್ಲಿ ನೋಡುವಂಥದ್ದು ಏನಾದರೂ ಇದೆಯೇ ಎಂದು ಕೇಳಿದಳು.

“ಏನೂ ಇಲ್ರಿ,” ಅಂದ ಪರಶು. “ಮುಂದ ಹೋಗ್ರಿ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಸುಮಂಗಲಾಳಿಗೆ ಅದು ಕೇಳಿಸಿತು. ಬಯಲಿನ ಗೋರಿಯ ಕಡೆ ನೋಡಿ, ಹಿಟ್ಟುಗೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದಮೇಲೆ ಅದನ್ನು ಮಗುಚಿ ಹಾಕಿದಳು.